ಕಪ್ಪಕ್ಷರದ ಕಟ್ಟೆ

ಹೊಸ ಅಡುಗೆ ಕಟ್ಟೆಯ ಮುಂದೆ ನಿಂತಾಗ ಮಾನ್‌ಯುಗೆ ಮೊದಲು ಕಂಡದ್ದು ಕಟ್ಟೆಯಲ್ಲ, ತನ್ನ ಮೊಣಕೈ. ಇಷ್ಟು ವರ್ಷ ಅದು ಸೊಂಟದ ಪಕ್ಕದಲ್ಲಿ ಮರ್ಯಾದೆಯಿಂದ ಬಿದ್ದುಕೊಂಡಿತ್ತು. ಈಗ ಈರುಳ್ಳಿ ಸೊಪ್ಪು ಹೆಚ್ಚಲು ಚಾಕು ಹಿಡಿದರೆ ಕಿವಿಯ ಹತ್ತಿರ ಬಂದು ಏನೋ ಗುಟ್ಟು ಹೇಳುವ ಹಾಗೆ ನಿಂತಿತು.

ಅವಳು ಎರಡು ದಿನ ಊರಲ್ಲಿರಲಿಲ್ಲ. ತೈಚುಂಗ್‌ನಲ್ಲಿ ಅಕ್ಕನ ಮೊಮ್ಮಗನಿಗೆ ತಿಂಗಳು ತುಂಬಿದ ಊಟವಿತ್ತು. ಆ ಎರಡು ದಿನದಲ್ಲೇ ಲುಗಾಂಗ್‌ನ ಆ ಉದ್ದನೆಯ ಇಕ್ಕಟ್ಟು ಮನೆಯ ಹಿಂಬದಿಯಲ್ಲಿ ಹಳೆಯ ಸಿಮೆಂಟ್ ಕಟ್ಟೆ ಒಡೆದು, ಹೊಸ ಕಪಾಟು ಕೂರಿಸಿ, ಮೇಲೆ ಬೂದು ಬಣ್ಣದ ಕಲ್ಲಿನ ಹಾಸು ಹಾಸಿ ಮುಗಿಸಿದ್ದರು. ಹೊರಡುವ ಮುಂಚೆ ಅವಳು ಫಿಟ್ಟರ್ ಆಬಿನ್‌ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿಕೊಂಡು ಪಾಠ ಹೇಳಿದ್ದಳು: ನನ್ನ ಎತ್ತರದ ಅರ್ಧ, ಅದರ ಮೇಲೆ ಮೂರು ಬೆರಳು. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆಯನ್ನೂ ಎಳೆದು ತೋರಿಸಿದ್ದಳು. ಈಗ ಆ ಗೆರೆ ಎಲ್ಲೂ ಕಾಣಲಿಲ್ಲ. ಬಗ್ಗಿ ಕಪಾಟಿನ ಹಿಂದೆ ಇಣುಕಿದರೆ, ಕಲ್ಲಿನ ಹಾಸಿಗಿಂತ ಒಂದು ಗೇಣು ಕೆಳಗೆ, ಕತ್ತಲೆಯಲ್ಲಿ, ಮುಖ ಸಣ್ಣಗೆ ಮಾಡಿಕೊಂಡು ಕೂತಿತ್ತು.

"ಹೇಗಿದೆ?" ಬಾಗಿಲಲ್ಲಿ ಮಾವ ಹೊಕ್‌ಸೆಂಗ್ ಬಂದು ನಿಂತ. ಎಂಬತ್ತು ದಾಟಿದ ಬಡಗಿ. ಆ ಊರಿನ ಅರ್ಧ ಮನೆಗಳ ದೇವರ ಪೀಠ, ಪಿತೃಗಳ ಪೀಠ ಅವನ ಕೈಯಿಂದಲೇ ಬಂದವು. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಅಳತೆಯ ಟೇಪು ಮಾತ್ರ ಅವನ ಸೊಂಟ ಬಿಟ್ಟಿರಲಿಲ್ಲ.

"ಯಾರಿಗೆ ಮಾಡಿಸಿದ್ದು ಮಾವ ಇದು?"

"ಯಾರಿಗೆ ಅಂದ್ರೆ? ಮನೆಗೆ."

"ಮನೆ ಅಡುಗೆ ಮಾಡುತ್ತಾ?"

ಮಾವ ಗಂಟಲು ಸರಿಮಾಡಿಕೊಂಡ. ಅದು ಎರಡು ಹಂತದ ಸದ್ದು. ಮೊದಲು ಗರಗಸ, ಆಮೇಲೆ ಉಳಿ. ಟೇಪನ್ನು ಸರ್ರನೆ ಎಳೆದು ಕಟ್ಟೆಗೆ ಹಿಡಿದ. ಆ ಕಡೆಯ ಬಡಗಿಗಳ ಟೇಪಿನಲ್ಲಿ ಸೆಂಟಿಮೀಟರಿನ ಜೊತೆ ಅದೃಷ್ಟವೂ ಅಚ್ಚಾಗಿರುತ್ತದೆ. ಮೇಲಿನ ಸಾಲು ಬದುಕಿರುವವರ ಮನೆಗೆ, ಕೆಳಗಿನ ಸಾಲು ಸತ್ತವರ ಗೋರಿಗೆ, ಪೀಠಕ್ಕೆ. ಕೆಂಪಕ್ಷರ ಬಂದರೆ ಒಳ್ಳೆಯದು, ಕಪ್ಪಕ್ಷರ ಬಂದರೆ ಕೆಟ್ಟದ್ದು.

"ನೀನು ಎಳೆದ ಗೆರೆ ಎಲ್ಲಿ ಬಿದ್ದಿತ್ತು ಗೊತ್ತಾ? ಹಾನಿ! ಕಪ್ಪಗೆ, ಇದ್ದಿಲಿನ ಥರ! ನಾನು ನೋಡದೆ ಹೋಗಿದ್ರೆ ಏನಾಗ್ತಿತ್ತು? ಈಗ ನೋಡು. ಮೇಲಿನ ಸಾಲಲ್ಲಿ ಐಶ್ವರ್ಯ, ಕೆಳಗಿನ ಸಾಲಲ್ಲಿ ಏಳಿಗೆ. ಎರಡೂ ಕೆಂಪು. ಜೋಡಿ ಕೆಂಪು!"

"ಐಶ್ವರ್ಯ ನನ್ನ ಎದೆಗೆ ಬಂದಿದೆ ಮಾವ."

"ಎದೆಗೆ ಅಪ್ಪಿಕೋ."

ಟೇಪು ಟಕ್ಕೆಂದು ಒಳಗೆ ಹೋಯಿತು. ಮಾವನೂ ಒಳಗೆ ಹೋದ.

ಒಂದು ತಪ್ಪು ಒಂಟಿಯಾಗಿ ಬರುವುದಿಲ್ಲ, ಸಂಸಾರ ಸಮೇತ ಬರುತ್ತದೆ ಎನ್ನುವುದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಕಟ್ಟೆ ಏರಿಸಲು ಕಪಾಟುಗಳ ಕೆಳಗೆ ಮರದ ಚೌಕಟ್ಟು ಕೊಟ್ಟಿದ್ದರು. ಗೋಡೆಯ ನಲ್ಲಿ ಮಾತ್ರ ಹಳೆಯ ಜಾಗದಲ್ಲೇ ಇತ್ತು. ಹಾಗಾಗಿ ಸಿಂಕು ಮೇಲೆ ಬಂದು ನಲ್ಲಿಯ ಮೂಗಿಗೆ ತಾಗುವಂತಿತ್ತು; ಸಾರಿನ ಬಟ್ಟಲು ತೊಳೆಯಬೇಕಾದರೆ ಅಡ್ಡ ಮಲಗಿಸಿ ತೊಳೆಯಬೇಕು. ಕಿಟಕಿಯ ಕೆಳಗಿನ ಚಿಲಕ ಕಲ್ಲಿನ ಹಿಂದೆ ಹೂತುಹೋಗಿತ್ತು. ಒಲೆ ಎಷ್ಟು ಎತ್ತರವೆಂದರೆ ಬಾಣಲೆಯ ತಳದಲ್ಲಿ ಬೆಳ್ಳುಳ್ಳಿ ಕೆಂಪಾಯಿತೋ ಕರಕಾಯಿತೋ ನೋಡಲು ಮಾನ್‌ಯು ಹಾರಬೇಕು. ಅವಳು ಹಾರಿದಳು. ಕರಕಾಗಿತ್ತು.

ಆಬಿನ್‌ಗೆ ಫೋನು ಹೋಯಿತು. ಅವನು ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆಯದೆ ಅಡುಗೆಮನೆಗೆ ಬಂದ. ಏನಾದರೂ ತಲೆಗೆ ಬೀಳಬಹುದು ಎಂಬ ಅಂದಾಜಿರಬೇಕು.

"ಅತ್ತಿಗೆ, ನಾನು ಉಳಿ ಹಿಡಿಯೋದು ಕಲ್ತಿದ್ದೇ ಮೇಸ್ತ್ರಿ ಹತ್ರ. ಅವರು ಟೇಪು ಹಿಡ್ಕೊಂಡು ‘ಇಲ್ಲಿಗೆ’ ಅಂದ್ರೆ ನಾನು ‘ಇಲ್ಲ’ ಅನ್ನೋದು ಹೇಗೆ?"

"ಕೆಲಸ ಒಪ್ಪಿಸಿದ್ದು ಯಾರು?"

"ನೀವು."

"ಕಟ್ಟೆ ಮುಂದೆ ನಿಲ್ಲೋದು ಯಾರು?"

"ನೀವು."

"ಹಾಗಾದ್ರೆ ಕೆಳಗೆ ಕೊಟ್ಟಿರೋ ಚೌಕಟ್ಟು ಕಿತ್ತು ಹಾಕು."

"ಅತ್ತಿಗೆ, ಮೇಸ್ತ್ರಿ ಒಂದು ಮಾತು ಹೂಂ ಅಂದ್ರೆ ಈಗ್ಲೇ ಕೀಳ್ತೀನಿ."

ಹೊರಗಿನ ಕೋಣೆಯಿಂದ ಗರಗಸ, ಉಳಿ ಎರಡೂ ಕೇಳಿಸಿದವು. ಆಬಿನ್ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡ. ನಲ್ಲಿಗೆ ಮಾತ್ರ ಬಾತುಕೋಳಿಯ ಕತ್ತಿನಂಥ ಒಂದು ಬಗ್ಗುವ ಕೊಳವೆ ಸಿಕ್ಕಿಸಿ ಹೋದ. ತಿರುಗಿಸಿದರೆ ಅದು ಸಿಂಕಿಗಿಂತ ಚೆನ್ನಾಗಿ ಮಾನ್‌ಯುವಿನ ಮುಖ ತೊಳೆಯುತ್ತಿತ್ತು.

ರಾತ್ರಿ ಊಟಕ್ಕೆ ನಾಲ್ವರೂ ಕೂತರು. ಗಂಡ ಬುನ್‌ಹೋ ಬಸ್ಸು ಓಡಿಸುವವನು. ಆಳು ಉದ್ದ, ಮಾತು ಗಿಡ್ಡ. ಮಗಳು ಪೇಶುವಾನ್ ಚಾಂಗ್‌ಹ್ವಾದ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ ದಿನಾ ರೈಲು, ಬಸ್ಸು ಹಿಡಿದು ಬರುತ್ತಿದ್ದಳು. ದಿನವಿಡೀ ಬಾಯಿ ತೆರೆದವರನ್ನು ನೋಡಿದ್ದಕ್ಕೋ ಏನೋ, ಮನೆಗೆ ಬಂದ ಮೇಲೆ ತನ್ನ ಬಾಯಿ ಮುಚ್ಚುತ್ತಿರಲಿಲ್ಲ.

"ತಾತ, ಅಮ್ಮನಿಗೆ ಐವತ್ತಕ್ಕೆ ಬರೋ ಭುಜದ ಬಿಗಿತ. ಬಲಗೈ ಮೇಲೆತ್ತಕ್ಕೇ ಆಗಲ್ಲ. ಡಾಕ್ಟ್ರು ಏನಂದ್ರು ಮರ್ತ್ಬಿಟ್ರಾ?"

"ನನಗೂ ಐವತ್ತಕ್ಕೆ ಬಂದಿತ್ತು. ಎಪ್ಪತ್ತಕ್ಕೆ ಹೋಯ್ತು."

"ನೀವು ಆವಾಗ ಪಲ್ಯ ಹೆಚ್ತಿದ್ರಾ?"

"ಟೇಪು ಸುಳ್ಳು ಹೇಳಲ್ಲ ಕಣೇ."

"ಅದೇ ಟೇಪಲ್ಲಿ ಅಮ್ಮನ ಗೆರೆಗೆ ಕೆಳಗಿನ ಸಾಲಲ್ಲಿ ಕೆಂಪೇ ಬರುತ್ತೆ. ನಾನು ನೋಡ್ದೆ. ಸಂತಾನ ಅಂತ."

ತಾತನ ಚಾಪ್‌ಸ್ಟಿಕ್ಕು ಗಾಳಿಯಲ್ಲೇ ನಿಂತಿತು. "ಅದು ಸತ್ತೋರ ಸಾಲು! ನಿಮ್ಮಮ್ಮ ಗೋರಿ ಮೇಲೆ ಅಡುಗೆ ಮಾಡ್ಬೇಕಾ?"

"ಬದುಕಿರೋರ ಕೆಂಪಲ್ಲಿ ನಿಂತು ನಾನು ಸಾಯ್ತಿದ್ದೀನಲ್ಲ ಮಾವ, ಅದಕ್ಕೆ ಯಾವ ಸಾಲು?" ಎಂದಳು ಮಾನ್‌ಯು. ಗಂಡನ ಕಡೆ ತಿರುಗಿದಳು. "ಏನ್ರೀ, ನೀವೇನಾದ್ರೂ ಹೇಳ್ತೀರಾ?"

"ಹ್ಞೂಂ," ಎಂದ ಬುನ್‌ಹೋ.

"ಯಾರಿಗೆ ಹ್ಞೂಂ?"

"ಇಬ್ರಿಗೂ."

ಬಸ್ಸಿನಲ್ಲಿ ಎರಡು ಬಾಗಿಲಿರುತ್ತವಲ್ಲ, ಹಾಗೆ ಅವನ ಹ್ಞೂಂಗೂ ಮುಂದೊಂದು ಹಿಂದೊಂದು. ಯಾರು ಬೇಕಾದರೂ ಹತ್ತಬಹುದು, ಯಾರು ಬೇಕಾದರೂ ಇಳಿಯಬಹುದು.

ಮಾವ ಅನ್ನದ ಬಟ್ಟಲು ಖಾಲಿ ಮಾಡಿ ಕೆಳಗಿಟ್ಟ. ಪರಿಹಾರ ಹೊಳೆದ ಮುಖ. "ಕಟ್ಟೆ ಇಳಿಸೋದು ಬೇಡ. ಮಾನ್‌ಯುನೇ ಎತ್ತೋಣ."

ಮಾರನೆಯ ದಿನದಿಂದ ಹಿತ್ತಿಲಿನ ಶೆಡ್ಡಿನಲ್ಲಿ ಕೀಸುಳಿಯ ಸದ್ದು. ಮುದುಕ ಮೈಮರೆತು ಕೆಲಸ ಮಾಡಿದ. ಕರ್ಪೂರದ ಮರದ ಮಣೆ, ಕಟ್ಟೆಯಷ್ಟೇ ಉದ್ದ, ಒಂದು ಗೇಣು ಎತ್ತರ, ಮೂಲೆಗಳಲ್ಲಿ ಮೋಡದ ಕೆತ್ತನೆ, ಪೀಠಗಳಿಗೆ ಬಳಿಯುವ ಕೆಂಪು ಮೆರುಗು. ಉದ್ದ, ಅಗಲ, ಎತ್ತರ ಮೂರೂ ಕೆಂಪಕ್ಷರ. ಪಕ್ಕದ ಮನೆಯವರು ಬಂದು ನೋಡಿ ಮೆಚ್ಚಿ ಹೋದರು. ಕೆಲಸ ಚೆನ್ನಾಗಿಲ್ಲ ಎಂದು ಹೇಳಲು ಮಾನ್‌ಯುಗೂ ಬಾಯಿ ಬರಲಿಲ್ಲ. ಸೊಸೆಯಾಗಿ ಬಂದ ಮೇಲೆ ಎಷ್ಟು ಪೀಠಗಳಿಗೆ ಉಪ್ಪುಕಾಗದ ಉಜ್ಜಿದ್ದಳೋ, ಅದರ ನುಣುಪು ಅವಳ ಬೆರಳಿಗೆ ಗೊತ್ತಿತ್ತು.

ಅವಳು ಮಣೆ ಹತ್ತಿದಳು. ಪೇಶುವಾನ್ ಕೈ ಜೋಡಿಸಿದಳು. "ಅಮ್ಮಾ, ಥೇಟ್ ದೇವಿ ಥರ ಕಾಣ್ತೀಯ. ಊದುಬತ್ತಿ ಹಚ್ಚಲಾ?"

"ಹಚ್ಚು. ವರ ಕೇಳು. ಮೊದ್ಲು ಆ ಶುಂಠಿ ಕೊಡು, ದೇವಿಗೆ ಕೆಳಗಿಳಿಯಕ್ಕಾಗಲ್ಲ."

ತೊಂದರೆ ಅದೇ ಆಯಿತು. ಅಡುಗೆ ಎಂದರೆ ಒಂದೇ ಕಡೆ ನಿಲ್ಲುವ ಕೆಲಸವಲ್ಲ. ಫ್ರಿಜ್ಜಿಗೆ ಇಳಿಯಬೇಕು, ಅಕ್ಕಿಗೆ ಇಳಿಯಬೇಕು, ಕಪಾಟಿನ ಬಾಗಿಲು ತೆರೆಯಬೇಕೆಂದರೆ ಇಳಿದು ಮಣೆಯನ್ನೇ ಎಳೆಯಬೇಕು. ಬೆಳಗಿನ ಸಿಹಿಗೆಣಸಿನ ಗಂಜಿ ಕಲಕುವಷ್ಟರಲ್ಲಿ ಮಾನ್‌ಯು ಒಂದು ಸಣ್ಣ ಬೆಟ್ಟ ಹತ್ತಿಳಿದಂತಾಗುತ್ತಿತ್ತು. ವಾರ ಕಳೆಯಿತು. ಇನ್ನೊಂದು ಕಳೆಯಿತು. ಭುಜಕ್ಕೆ ಅಂಟಿಸುತ್ತಿದ್ದ ನೋವಿನ ಪಟ್ಟಿಗಳು ಈಗ ಮಂಡಿಗೂ ಬಂದವು. ಮಾವ ಅಡುಗೆಮನೆಗೆ ಬಂದಾಗಲೆಲ್ಲ ಮಣೆಯನ್ನು ಬಟ್ಟೆಯಿಂದ ಒರೆಸಿ, "ಎಣ್ಣೆ ಬೀಳಿಸ್ಬೇಡ, ಮೆರುಗು ಹೋಗುತ್ತೆ," ಎಂದು ಹೇಳಿ ಹೋಗುತ್ತಿದ್ದ. ಅವನು ಹೋದ ಮೇಲೆ ಮಾನ್‌ಯು ಸೌಟನ್ನು ಟೇಪಿನಂತೆ ಹಿಡಿದು, ಗರಗಸದ ಗಂಟಲಲ್ಲಿ, "ಮೂಲಂಗಿ! ಉದ್ದ ಎಷ್ಟು? ರೋಗ! ಕಪ್ಪಕ್ಷರ! ಬಿಸಾಕು! ಸೌತೆಕಾಯಿ? ಐಶ್ವರ್ಯ! ಬಾ ಮಗನೇ!" ಎನ್ನುತ್ತಿದ್ದಳು. ಪೇಶುವಾನ್ ನಕ್ಕು ನಕ್ಕು ಫ್ರಿಜ್ಜಿಗೆ ಒರಗುತ್ತಿದ್ದಳು. ನಗುವಷ್ಟು ದಿನ ಸಹಿಸಿಕೊಳ್ಳಬಹುದಿತ್ತು.

ಒಂದು ಭಾನುವಾರ ಮಧ್ಯಾಹ್ನ ಮೀನಿನ ಸಾರಿನ ಪಾತ್ರೆ ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕಾಲಿಟ್ಟಳು. ಹಿಂದೆ ನೆಲ ಇತ್ತು, ಆದರೆ ಒಂದು ಗೇಣು ಕೆಳಗಿತ್ತು. ಪಾತ್ರೆ ಒಂದು ಕಡೆ, ಅವಳೊಂದು ಕಡೆ. ಬಿಸಿ ಸಾರು ಎಡಗಾಲಿನ ಮೀನಖಂಡದ ಮೇಲೆ ಹರಿಯಿತು. ಪೇಶುವಾನ್ ಓಡಿ ಬಂದು ತಣ್ಣೀರು ಸುರಿದಳು. ಬುನ್‌ಹೋ ಬಂದು ಹೆಂಡತಿಯ ಕಂಕುಳಿಗೆ ಕೈ ಹಾಕಿ ಎತ್ತಿದ. ಕೊನೆಗೆ ಮಾವ ಬಂದ. ನೆಲದ ತುಂಬ ಮೀನು, ಶುಂಠಿ, ಸೊಸೆ. ಅವನು ಬಗ್ಗಿ ನೋಡಿದ.

"ಮಣೆಗೇನೂ ಆಗ್ಲಿಲ್ಲ ತಾನೇ?"

ಆ ಮಾತಿಗೆ ಕಟ್ಟೆ ಒಡೆಯಿತು. ಕಲ್ಲಿನದ್ದಲ್ಲ, ಮಾನ್‌ಯುವಿನದ್ದು. ಆದರೆ ಅವಳು ಕೂಗಲಿಲ್ಲ. ಮಗಳು ಮುಲಾಮು ಹಚ್ಚುವಾಗ ಹಲ್ಲು ಕಚ್ಚಿಕೊಂಡು ಕೂತು ಏನೋ ಲೆಕ್ಕ ಹಾಕುತ್ತಿದ್ದಳು.

ಮರುದಿನ ಬೆಳಿಗ್ಗೆ ಹೊಕ್‌ಸೆಂಗ್ ಎದ್ದು ಮುಂದಿನ ಕೋಣೆಗೆ ಚಹಾ ಮಾಡಿಕೊಳ್ಳಲು ಬಂದರೆ ಅವನ ಚಹಾದ ತಟ್ಟೆ, ಪುಟ್ಟ ಲೋಟಗಳು, ಮಣ್ಣಿನ ಕುಡಿಕೆ ಎಲ್ಲ ಟೀವಿಯ ಮೇಲೆ ಗುಂಪಾಗಿ ಕೂತಿದ್ದವು. ತಗ್ಗಿನ ಚಹಾ ಮೇಜಿನ ಮೇಲೆ ಪುಟ್ಟ ಗ್ಯಾಸ್ ಒಲೆ ಉರಿಯುತ್ತಿತ್ತು. ಕೆಂಪು ಮೆರುಗಿನ ಮಣೆಯ ಮೇಲೆ ಕಾಲಿಗೆ ಪಟ್ಟಿ ಕಟ್ಟಿಕೊಂಡ ಸೊಸೆ ಕೂತು ಉಪ್ಪುಮೀನು ಹುರಿಯುತ್ತಿದ್ದಳು. ಹೊಗೆ ಎದುರಿನ ಪಿತೃಗಳ ಪೀಠದ ತನಕ ಹೋಗಿ ಅಲ್ಲಿನ ಊದುಬತ್ತಿಯ ಹೊಗೆಯ ಜೊತೆ ಪರಿಚಯ ಮಾಡಿಕೊಳ್ಳುತ್ತಿತ್ತು.

"ಏನಿದು?"

"ತಿಂಡಿ."

"ಇಲ್ಲೇನಾ?"

"ನನ್ನ ಎತ್ತರಕ್ಕೆ ಸರಿಹೋಗೋ ಜಾಗ ಈ ಮನೇಲಿ ಇದೊಂದೇ ಮಾವ. ಮಣೆ ಚೆನ್ನಾಗಿದೆ. ಕೂರಕ್ಕೆ ಹೇಳಿ ಮಾಡಿಸಿದ ಹಾಗಿದೆ."

"ಬಂದೋರು ಏನಂತಾರೆ?"

"ಬರ್ಲಿ. ಒಂದೊಂದು ಮೀನು ಕೊಡ್ತೀನಿ."

ಬಂದರು ಕೂಡ. ಮಾವನ ಜೊತೆ ಚಹಾ ಕುಡಿಯುವ ಇಬ್ಬರು ಹಳೆಯ ಬಡಗಿಗಳು ಎಂದಿನಂತೆ ಬಂದು, ಹೊಸ್ತಿಲಲ್ಲಿ ನಿಂತು, ಸೊಸೆಯನ್ನು ನೋಡಿ, ಗೆಳೆಯನನ್ನು ನೋಡಿ, "ಆಮೇಲೆ ಬರ್ತೀವಿ" ಎಂದು ಹೋದರು. ಆಮೇಲೆ ಬರಲಿಲ್ಲ. ದಿನ ಹೋದಂತೆ ಸೋಫಾ ಬೆಳ್ಳುಳ್ಳಿಯಾಯಿತು, ಪರದೆ ಸೋಯಾ ಸಾಸಾಯಿತು. ಬುನ್‌ಹೋನ ಬಸ್ಸಿನ ಸಮವಸ್ತ್ರ ಕೂಡ ಹುರಿದ ಸಿಂಪಿಯ ವಾಸನೆ ಹೊತ್ತು ಊರೂರು ತಿರುಗಿತು. ಹಿಂದುಗಡೆ ಜೋಡಿ ಕೆಂಪಿನ ಕಟ್ಟೆ ಒಂದು ಹನಿ ಎಣ್ಣೆಯಿಲ್ಲದೆ ಹೊಳೆಯುತ್ತ ಕೂತಿತ್ತು.

ಮೊದಲು ಬಾಗಿದವನು ಗಂಡ. ಶನಿವಾರ ರಾತ್ರಿ ಒಂದು ರಾಜಿಸೂತ್ರ ತಂದ.

"ಅಪ್ಪ ಲೆಕ್ಕ ಹಾಕಿದ್ದಾರೆ. ನಿನ್ನ ಗೆರೆಗಿಂತ ನಾಲ್ಕು ಬೆರಳು ಮೇಲೆ ಇನ್ನೊಂದು ಕೆಂಪು ಇದೆಯಂತೆ. ಅಲ್ಲಿಗೆ ಇಳಿಸೋಣ ಅಂತಾರೆ. ನಾಲ್ಕೇ ಬೆರಳು ತಾನೇ?"

"ನಾಲ್ಕು ಬೆರಳು ಸಾಕು ರೀ, ಮೂಗು ಬಾಯಿ ಎರಡೂ ಮುಚ್ಚಕ್ಕೆ."

"ಅವರು ಅಷ್ಟು ಇಳಿದಿದ್ದಾರೆ, ನೀನೂ ಸ್ವಲ್ಪ..."

"ನಾನು ಎಲ್ಲಿಗೆ ಇಳೀಲಿ? ಇರೋದೇ ಇಷ್ಟು." ಅವಳು ಎದ್ದು, ನೋಯದ ಎಡಗೈಯಿಂದ ಗಂಡನ ಕೈ ಹಿಡಿದು ಮೇಲಕ್ಕೆ ಎತ್ತಿ, ಅವನ ಭುಜದ ಮಟ್ಟಕ್ಕೆ ನಿಲ್ಲಿಸಿದಳು. "ಹೀಗೇ ಹಿಡ್ಕೊಳ್ಳಿ. ಬಸ್ಸಿನ ಸ್ಟೇರಿಂಗು ಇಷ್ಟೆತ್ತರ ಇದೆ ಅಂದ್ಕೊಳ್ಳಿ. ಐಶ್ವರ್ಯ ಬರುತ್ತೆ ಅಂತ ಹಾಗೆ ಕೂರಿಸಿದ್ದಾರೆ. ಓಡ್ಸಿ, ಚಾಂಗ್‌ಹ್ವಾ ತನಕ."

ಬುನ್‌ಹೋ ಸ್ವಲ್ಪ ಹೊತ್ತು ಗಾಳಿಯಲ್ಲಿ ಬಸ್ಸು ಓಡಿಸಿದ. ಕೈ ಸೋತ ಮೇಲೆ ಇಳಿಸಿದ. ಹ್ಞೂಂ ಎನ್ನಲಿಲ್ಲ.

ಮೂಲೆಯಲ್ಲಿ ಕೂತಿದ್ದ ಮಾವನಿಗೆ ಎಲ್ಲ ಕೇಳಿಸಿತ್ತು. "ನನ್ನ ಮಾತು ಬೇಡ್ವಾ, ಸರಿ. ಅವಳನ್ನೇ ಕೇಳೋಣ." ಪೀಠದ ಕಡೆ, ತೀರಿಹೋದ ಹೆಂಡತಿಯ ಹೆಸರಿದ್ದ ಫಲಕದ ಕಡೆ ಗಲ್ಲ ಎತ್ತಿ ತೋರಿಸಿದ. "ನಾಣ್ಯ ಹಾರಿಸ್ತೀನಿ. ಅವಳು ಏನು ಹೇಳ್ತಾಳೋ ಅದು."

"ಬೇಡ ಮಾವ. ಅತ್ತೆ ಜೀವ ಇರೋತನಕ ನಿಮ್ಮ ಮಾತಿಗೆ ಹೂಂ ಅಂದೋರು. ಈಗ ಉಲ್ಟಾ ಹೇಳ್ತಾರಾ?"

"ನಿನ್ನ ನಾಲಿಗೆ ಅಳತೆ ಯಾರೂ ನೋಡ್ಲಿಲ್ವಲ್ಲ ಮದುವೆಗೆ ಮುಂಚೆ!"

"ನೋಡಿದ್ರೆ ಕಪ್ಪಕ್ಷರ ಬರ್ತಿತ್ತು. ನಿಮ್ಮ ಮಗ ತಪ್ಪಿಸ್ಕೊಳ್ತಿದ್ರು. ಈಗ ಕೇಳಿ. ಅತ್ತೆ ತಿಥಿ ಹತ್ರ ಬಂತು. ತೈಚುಂಗ್‌ನಿಂದ ಮೈದುನ ಬರ್ತಾರೆ, ಮನೆಯೋರನ್ನೆಲ್ಲ ಕರ್ಕೊಂಡು. ಕಟ್ಟೆ ನನ್ನ ಗೆರೆಗೆ ಬಂದ್ರೆ ಅಲ್ಲಿ ನಿಂತು ಅಡುಗೆ ಮಾಡ್ತೀನಿ. ಬರ್ಲಿಲ್ಲಾಂದ್ರೆ ಇಲ್ಲೇ, ಬಂದೋರ ಕಾಲ ಹತ್ರ, ಈ ಮಣೆ ಮೇಲೆ ಕೂತು, ಹನ್ನೆರಡು ಬಗೆ ಮಾಡ್ತೀನಿ. ಯಾಕೆ ಅಂತ ಕೇಳಿದ್ರೆ ಯಾಕೆ ಅಂತ ಹೇಳ್ತೀನಿ."

ಮುದುಕ ಸೊಂಟದ ಟೇಪನ್ನು ಎಳೆದ, ಬಿಟ್ಟ, ಮತ್ತೆ ಎಳೆದ. ಕೊನೆಗೆ, "ಏನಾದ್ರೂ ಮಾಡ್ಕೊ. ನನ್ನ ಟೇಪು ಅದಕ್ಕೆ ತಾಗಲ್ಲ. ಆ ಕಟ್ಟೆಯಿಂದ ಬಂದಿದ್ದು ನನ್ನ ಬಾಯಿಗೂ ತಾಗಲ್ಲ," ಎಂದು ಎದ್ದು ಹೋದ.

ಆಬಿನ್ ಈ ಸಲ ಹೆಲ್ಮೆಟ್ ತೆಗೆದು ಬಂದ. ಕಲ್ಲಿನ ಹಾಸನ್ನು ಇಬ್ಬರು ಆಳುಗಳ ಜೊತೆ ಎತ್ತಿ ಗೋಡೆಗೆ ಒರಗಿಸಿ, ಕಪಾಟು ಸರಿಸಿ, ಕೆಳಗಿನ ಚೌಕಟ್ಟು ಕಿತ್ತ. ನಲ್ಲಿಯ ಬಾತುಕೋಳಿ ಕತ್ತನ್ನು ಮುರಿದ. ಮತ್ತೆ ಎಲ್ಲ ಕೂರಿಸಿದ ಮೇಲೆ ಗೋಡೆಯ ಬಿಳಿ ಟೈಲ್ಸಿನ ಮೇಲೆ ಹಳೆಯ ಅಂಟಿನ ಒಂದು ಪಟ್ಟೆ, ಹೋದ ನೆಂಟನ ಕಾಲ್ಗುರುತಿನಂತೆ, ಮೇಲೆ ಉಳಿದುಕೊಂಡಿತು.

"ಇದಕ್ಕೆ ಬೇರೆ ಟೈಲ್ಸ್ ಹಾಕ್ಲಾ ಅತ್ತಿಗೆ?"

"ಇರ್ಲಿ. ಎಲ್ಲಿಂದ ಎಲ್ಲಿಗೆ ಬಂತು ಅಂತ ಕಾಣ್ತಿರ್ಲಿ. ನಿನ್ನ ಟೇಪು ಹಿಡಿ ಈಗ."

ಆಬಿನ್ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಟೇಪು ಹಿಡಿದ.

"ಏನಿದೆ ಮೇಲಿನ ಸಾಲಲ್ಲಿ?"

"ಅದೇ... ಅತ್ತಿಗೆ, ಅವತ್ತು ಮೇಸ್ತ್ರಿ ಹೇಳಿದ್ದೇ."

"ಜೋರಾಗಿ ಓದು."

"ಹಾನಿ."

ಮಾನ್‌ಯು ಎರಡೂ ಅಂಗೈ ಕಟ್ಟೆಯ ಮೇಲೆ ಊರಿ ನಿಂತಳು. ಭುಜ ಭುಜದ ಜಾಗದಲ್ಲಿತ್ತು, ಮೊಣಕೈ ಮೊಣಕೈಯ ಜಾಗದಲ್ಲಿತ್ತು. "ಸರಿ. ಅಂಚಿಗೆ ಸಿಲಿಕಾನ್ ಹಾಕಿ ಮುಗ್ಸು," ಎಂದಳು.

ಆಮೇಲಿನ ದಿನಗಳಲ್ಲಿ ಮಾವ ಬೀದಿಯ ಕೊನೆಯ ಅಂಗಡಿಯಲ್ಲಿ ಸಿಂಪಿ ಹಾಕಿದ ಸೇವಿಗೆ ತಿಂದು ಬದುಕಿದ. ಬೆಳಿಗ್ಗೆ ಅದೇ, ರಾತ್ರಿ ಅದೇ. ಪೇಶುವಾನ್ ಕೇಳಿದಳು, "ಅಮ್ಮ, ತಾತನಿಗೆ ಒಂದು ಬಟ್ಟಲು ಎತ್ತಿಡ್ಲಾ?" ಹಳೆಯ ಮಾನ್‌ಯು ಆಗಿದ್ದರೆ ಕೇಳುವ ಮೊದಲೇ ಎತ್ತಿಡುತ್ತಿದ್ದಳು. "ಹಸಿವಾದೋರು ಬಂದು ಕೇಳ್ಲಿ. ಈಗ ಯಾರಿಗೂ ಎಟುಕದ ಎತ್ತರದಲ್ಲೇನಿಲ್ಲ ಅಡುಗೆ," ಎಂದಳು. ರಾತ್ರಿ ಅವನು ಬಾಗಿಲು ತೆಗೆದು ಒಳಗೆ ಬರುವ ಹೊತ್ತಿಗೆ ಶುಂಠಿ, ಎಳ್ಳೆಣ್ಣೆ ಹಾಕಿ ಕೋಳಿ ಬೇಯಿಸುತ್ತಿದ್ದಳು. ಅದು ಬೇಕಂತಲೇ ಇರಬಹುದು. ಅವನು ಮೂಗಿನಿಂದ ಒಂದು ಉದ್ದ ಉಸಿರೆಳೆದು ಮೆಟ್ಟಿಲು ಹತ್ತುತ್ತಿದ್ದ.

ತಿಥಿಯ ದಿನ ಬಂತು. ಬೆಳಗಿನಿಂದ ಅಡುಗೆಮನೆಯಲ್ಲಿ ಮಾನ್‌ಯು ಒಬ್ಬಳೇ. ಚಾಕುವಿನ ಸದ್ದು ಒಂದೇ ಸಮನೆ ಓಡಿತು, ನಡುವೆ ಎಲ್ಲೂ ನಿಂತು ಭುಜ ಒತ್ತಿಕೊಳ್ಳಲಿಲ್ಲ. ಕಳಲೆ, ಹಂದಿಮಾಂಸ, ಇಡೀ ಮೀನು, ಕೋಳಿ, ಏಡಿಯ ಅನ್ನ, ಎಲ್ಲ ಒಂದೊಂದಾಗಿ ಪೀಠದ ಮುಂದೆ ಹೋಗಿ ಕೂತವು. ತೈಚುಂಗ್‌ನಿಂದ ಮೈದುನ ಬುನ್‌ಲಿಯಾನ್ ಬಂದ. ಮನೆ ಮಾರಿಸಿಕೊಡುವ ಕೆಲಸ, ಅಣ್ಣನಷ್ಟೇ ಉದ್ದ, ಅಣ್ಣನ ಪಾಲಿನ ಮಾತನ್ನೂ ತಾನೇ ತೆಗೆದುಕೊಂಡು ಹುಟ್ಟಿದವನು. ಅವನ ಹೆಂಡತಿ ಶೂಯಿನ್ ಅವನ ಅಂಗಿಯ ಮೂರನೆಯ ಗುಂಡಿಯಷ್ಟು ಎತ್ತರ. ಬಂದವಳೇ ಹಣ್ಣಿನ ಬುಟ್ಟಿ ಇಳಿಸಿ ಒಂದು ಮೂಲೆಯಲ್ಲಿ ನಿಂತಳು.

ಊದುಬತ್ತಿ ಅರ್ಧ ಸುಟ್ಟ ಮೇಲೆ ಹೊಕ್‌ಸೆಂಗ್ ಎರಡು ನಾಣ್ಯ ಹಾರಿಸಿ ಹೆಂಡತಿಯನ್ನು ಊಟವಾಯಿತೇ ಎಂದು ಕೇಳಿದ. ಎರಡೂ ಒಂದೇ ಮುಖ ತೋರಿಸಿದವು, ಅಂದರೆ ಇನ್ನೂ ಇಲ್ಲ. ಅವನು ಅಡುಗೆಮನೆಯ ಕಡೆ ಅರ್ಥಗರ್ಭಿತವಾಗಿ ನೋಡಿದ.

"ಅತ್ತೆ ಯಾವತ್ತೂ ನಿಧಾನವೇ," ಎಂದಳು ಮಾನ್‌ಯು. "ನೀವೆಲ್ಲ ತಿಂದು ಎದ್ದ ಮೇಲೆ ತಾನೇ ಅವರು ಕೂರ್ತಿದ್ದಿದ್ದು? ಇವತ್ತಾದ್ರೂ ಆರಾಮಾಗಿ ತಿನ್ಲಿ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾರಿಸಿದಾಗ ಒಂದೊಂದು ಬೇರೆ ಮುಖ ಬಂತು, ಆಯಿತು ಎಂದು. ತಟ್ಟೆಗಳು ದುಂಡು ಮೇಜಿಗೆ ಬಂದವು. ಮಾವ ಮೇಲಿನ ಜಾಗದಲ್ಲಿ ಕೂತ. ಅವತ್ತು ಅಂಗಡಿಗೆ ಹೋಗುವಂತಿರಲಿಲ್ಲ. ಬುನ್‌ಲಿಯಾನ್ ಕೈ ತೊಳೆದುಕೊಂಡು ಅಡುಗೆಮನೆಯಿಂದ ಬಂದ.

"ಅಪ್ಪಾ, ಕಟ್ಟೆ ಇಷ್ಟು ತಗ್ಗು ಮಾಡ್ಸಿದ್ದೀರಲ್ಲ! ಮಕ್ಕಳು ಮಣ್ಣಡುಗೆ ಆಡೋ ಹಾಗಿದೆ. ಕೈ ತೊಳೆಯಕ್ಕೆ ನಡು ಬಗ್ಗಿಸ್ಬೇಕಾಯ್ತು. ಅಳತೆಗಿಳತೆ ನೋಡಿದ್ರಾ ಇಲ್ವಾ?"

ಆ ಊರಿನ ಅರ್ಧ ಪೀಠಗಳನ್ನು ಮಾಡಿದ ಮೇಸ್ತ್ರಿಯ ಮನೆಯಲ್ಲಿ ಅಳತೆ ನೋಡಿದ್ದೀರಾ ಎಂದು ಕೇಳಿದ್ದ, ಅದೂ ಅವನ ಮಗ. ಹ್ಞೂಂಗಳ ಒಡೆಯ ಬುನ್‌ಹೋ ತಟ್ಟೆಯನ್ನೇ ನೋಡಿದ.

"ನೋಡ್ದೆ ಇರ್ತೀನಾ?" ಎಂದ ಹೊಕ್‌ಸೆಂಗ್. "ನನ್ನ ಮನೇಲಿ ಕಪ್ಪಕ್ಷರಾನಾ? ನಾನೇ ಟೇಪು ಹಿಡಿದು ಇಡ್ಸಿದ್ದು. ಕೆಂಪೇ ಇದೆ. ತಿನ್ನು."

ಬುನ್‌ಹೋ ಉಸಿರು ಬಿಟ್ಟ. ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಎಲ್ಲ ಇತ್ತು: ಬಿಟ್ಟುಬಿಡು, ಮುಗಿಯಿತು, ಕಟ್ಟೆಯೂ ಉಳಿಯಿತು ಅಪ್ಪನ ಮುಖವೂ ಉಳಿಯಿತು. ಮಾನ್‌ಯು ಮೀನಿನ ತಟ್ಟೆಯನ್ನು ಮೇಜಿನ ನಡುವೆ ಇಟ್ಟಳು. ಸುಮ್ಮನೆ ಕೂತರೆ ಆಗಿಹೋಗುತ್ತಿತ್ತು. ನಾಳೆಯಿಂದ ಅದು ಮಾವ ಇಡಿಸಿದ ಕಟ್ಟೆ, ಮಾವ ನೋಡಿದ ಅಳತೆ.

"ಇಲ್ಲ," ಎಂದಳು.

"ಮಾನ್‌ಯು," ಎಂದ ಗಂಡ.

"ಮಾವ ಇಡ್ಸಿದ್ದಲ್ಲ. ಅವರು ಇಡ್ಸಿದ್ದು ಜೋಡಿ ಕೆಂಪು; ನನ್ನ ಎದೆ ತನಕ ಇತ್ತು. ಅದಕ್ಕೆ ಎಟುಕಕ್ಕೆ ಮಣೆ ಹತ್ತಿ, ಬಿದ್ದು ಕಾಲು ಸುಟ್ಕೊಂಡೆ. ಇದು ನಾನು ಇಡ್ಸಿದ್ದು. ಮೇಲಿನ ಸಾಲಲ್ಲಿ ಹಾನಿ ಅಂತ ಬರುತ್ತೆ. ಗೊತ್ತಿದ್ದೇ ಇಡ್ಸಿದ್ದೀನಿ. ಇವತ್ತಿನ ಹನ್ನೆರಡು ಬಗೆನೂ ಅದರ ಮೇಲಿಂದಾನೇ ಬಂದಿದ್ದು. ಅತ್ತೆ ಉಂಡಾಯ್ತು. ಹೆದರಿಕೆ ಆಗೋರು ಚಾಪ್‌ಸ್ಟಿಕ್ ಕೆಳಗಿಡಿ, ಬೇಜಾರಿಲ್ಲ. ಈಗಾಗ್ಲೇ ಬಾಯಿಗೆ ಹಾಕ್ಕೊಂಡಿರೋರು ಉಗುಳ್ಬೇಕು ಅಂದ್ರೆ ಬಕೆಟ್ ತರ್ತೀನಿ."

ಬುನ್‌ಲಿಯಾನ್‌ನ ಬಾಯಲ್ಲಿ ಕಳಲೆ ಇತ್ತು. ಅವನು ಅದನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿ ಅಪ್ಪನ ಅಪ್ಪಣೆಗೆ ಕಾದ. ಪೇಶುವಾನ್ ಮೇಜಿನ ಕೆಳಗೆ ಅಮ್ಮನ ಮಂಡಿ ಹಿಡಿದುಕೊಂಡಳು. ಹೊಕ್‌ಸೆಂಗ್‌ನ ಕಿವಿ ಕೆಂಪಾಗಿತ್ತು. ಎದ್ದು ಹೋಗಬಹುದಿತ್ತು, ಕುರ್ಚಿಯ ಕೈ ಹಿಡಿದೂ ಹಿಡಿದ. ಆದರೆ ಮೀನು ಮೂಗಿನ ಕೆಳಗೇ ಇತ್ತು, ಶುಂಠಿಯ ಎಳೆಗಳ ಮೇಲೆ ಬಿಸಿ ಎಣ್ಣೆ ಇನ್ನೂ ಚಟಪಟ ಅನ್ನುತ್ತಿತ್ತು, ಸಿಂಪಿ ಸೇವಿಗೆ ತಿಂದು ತಿಂದು ನಾಲಿಗೆ ಮರಗಟ್ಟಿತ್ತು.

"ಸೊಸೆ ಹೇಳಿದ್ದು ನಿಜ," ಎಂದ, ಯಾರ ಮುಖವನ್ನೂ ನೋಡದೆ. "ನಾನು ಬೇಡ ಅಂದಿದ್ದೆ. ಕೇಳ್ಲಿಲ್ಲ." ಮೀನಿನ ಹೊಟ್ಟೆಯ ಭಾಗ ಕಿತ್ತು ಬಾಯಿಗೆ ಹಾಕಿಕೊಂಡ. ಅಗಿದ. ಎಲ್ಲರೂ ಕಾದರು. "ಉಪ್ಪು ಕಮ್ಮಿ."

"ಸೋಯಾ ಸಾಸ್ ನಿಮ್ಮ ಮುಂದೇ ಇದೆ," ಎಂದು ಮಾನ್‌ಯು ಕೂತು ತನಗೆ ಅನ್ನ ಬಡಿಸಿಕೊಂಡಳು.

ಬುನ್‌ಲಿಯಾನ್ ಕಳಲೆ ನುಂಗಿದ. ಚಾಪ್‌ಸ್ಟಿಕ್ಕುಗಳು ಮತ್ತೆ ಓಡಾಡತೊಡಗಿದವು. ಸ್ವಲ್ಪ ಹೊತ್ತಾದ ಮೇಲೆ ಅವನು ಪಕ್ಕಕ್ಕೆ ತಿರುಗಿ ನೋಡಿದ. ಪಕ್ಕದ ಸ್ಟೂಲು ಖಾಲಿ.

"ಶೂಯಿನ್ ಎಲ್ಲಿ?"

ಶೂಯಿನ್ ಯಾವಾಗ ಎದ್ದು ಹೋಗಿದ್ದಳೋ ಯಾರೂ ನೋಡಿರಲಿಲ್ಲ. ಒಳಗಿನಿಂದ ನಲ್ಲಿ ಬಿಟ್ಟ ಸದ್ದು ಬಂತು, ನಿಂತಿತು. ಪಲಗೆಯ ಮೇಲೆ ಚಾಕು ಎರಡು ಮೂರು ಸಲ ಸುಮ್ಮನೆ, ಏನನ್ನೂ ಹೆಚ್ಚದೆ, ಬಡಿದ ಸದ್ದು ಬಂತು.

"ಅಕ್ಕಾ," ಎಂದಳು ಅವಳು ಅಲ್ಲಿಂದಲೇ, "ಇದು ನನಗೂ ಸರಿಹೋಗುತ್ತೆ!"

"ಏನು ಮಾಡ್ತಿದ್ದೀಯ ಅಲ್ಲಿ? ಬಾ, ಅನ್ನ ಆರ್ತಿದೆ!" ಬುನ್‌ಲಿಯಾನ್ ಕೂಗಿದ.

"ನೀವು ಊಟ ಮಾಡ್ತಿರಿ. ನಾನು ಸ್ವಲ್ಪ ಹೊತ್ತು ಇಲ್ಲಿ ನಿಂತಿರ್ತೀನಿ."